ಮನೆಯಲ್ಲೇ ಸನ್‌ಸ್ಕ್ರೀನ್ ಕಿಟ್: ಪುಡಿ ಚೆನ್ನ, ಚೀಟಿ ಸುಳ್ಳು

ಮುಂಬೈಯ ಅಂಗಡಿಯೊಂದರಲ್ಲಿ ಸಿಗುವ ಈ ಕಿಟ್‌ನಲ್ಲಿ ಝಿಂಕ್ ಆಕ್ಸೈಡ್ 15 ಗ್ರಾಂ, ತೆಂಗಿನೆಣ್ಣೆ 45, ಶಿಯಾ ಬಟರ್ (ಆಫ್ರಿಕಾದ ಒಂದು ಮರದ ಬೀಜದ ಕೊಬ್ಬು) 25, ಜೇನುಮೇಣ 10, ಕ್ಯಾರೆಟ್ ಬೀಜದ ಎಣ್ಣೆ 5 ಇವೆ. ಡಬ್ಬಿಯ ಮೇಲೆ ‘ಎಸ್‌ಪಿಎಫ್ 50’ ಎಂಬ ಚೀಟಿ; ಎಸ್‌ಪಿಎಫ್ ಎಂದರೆ ಬಿಸಿಲಿನ ಸುಡುವಿಕೆಯಿಂದ ಎಷ್ಟು ರಕ್ಷಣೆ ಎಂಬುದರ ಅಳತೆ. ಲ್ಯಾಬ್‌ನಲ್ಲಿ ಅಳೆಯದೆ ಆ ಅಂಕೆಯನ್ನು ಯಾರೂ ಬರೆಯುವಂತಿಲ್ಲ, ಮನೆಯಲ್ಲಿ ಕಲಸಿದ್ದಕ್ಕಂತೂ ಅಲ್ಲವೇ ಅಲ್ಲ. ಚೀಟಿ ಕಿತ್ತುಹಾಕಿ.

ಪುಡಿ ಮಾತ್ರ ಒಳ್ಳೆಯದು: ನುಣುಪಾಗಿದೆ, ಕಾಸ್ಮೆಟಿಕ್ ದರ್ಜೆಯದು. ಬಿಸಿಲು ತಡೆಯುವುದು ಅದೇ, ಯುವಿಎ, ಯುವಿಬಿ ಎಂಬ ಎರಡೂ ಬಗೆಯ ಅತಿನೇರಳೆ ಕಿರಣಗಳನ್ನು. ಕ್ಯಾರೆಟ್ ಎಣ್ಣೆಯನ್ನು ಬದಿಗಿಟ್ಟು ಆ 5 ಗ್ರಾಂ ಜಾಗಕ್ಕೆ ಝಿಂಕ್ ಸೇರಿಸಿದರೆ 20 ಆಗುತ್ತದೆ. ಹೆಚ್ಚುವರಿ ಪುಡಿಯನ್ನು ರಾಸಾಯನಿಕಗಳ ಅಂಗಡಿಗಳಿರುವ ಪ್ರಿನ್ಸೆಸ್ ಸ್ಟ್ರೀಟ್ ಕಡೆ ಹುಡುಕಬಹುದು. ಪೇಂಟ್‌ಗೆ ಬಳಸುವ ದರ್ಜೆ ಬೇಡ. ಕಿಟ್‌ನ ಕೈಪಿಡಿ ಪುಡಿಯ ಅಳತೆಗೆ ‘ಎರಡು ಚಮಚ’ ಎನ್ನುತ್ತದೆ. ಗಾಳಿ ತುಂಬಿದ ಪುಡಿ, ಒತ್ತಿ ತುಂಬಿದರೆ ಒಂದು ತೂಕ, ಸಡಿಲ ತುಂಬಿದರೆ ಇನ್ನೊಂದು. ತಕ್ಕಡಿಯೇ ಬೇಕು. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ.

ಇಲ್ಲಿಯ ಸೆಖೆಗೆ ಈ ಅಳತೆ ನಿಲ್ಲುವುದಿಲ್ಲ. ತೆಂಗಿನೆಣ್ಣೆ ಸುಮಾರು 25 ಡಿಗ್ರಿಗೇ ಕರಗುತ್ತದೆ, ಮೇ ತಿಂಗಳಲ್ಲಿ ಶಿಯಾ ಕೂಡ ಮೆತ್ತಗಾಗುತ್ತದೆ. ಎಣ್ಣೆ 42, ಮೇಣ 13 ಮಾಡಿ. ಚಳಿಗಾಲಕ್ಕೆ ಕೊಟ್ಟಷ್ಟೇ ಸಾಕು.

ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಮೊದಲು ಮೇಣ ಮತ್ತು ಮುಕ್ಕಾಲು ಪಾಲು ಎಣ್ಣೆ, ಮೇಣ ಪೂರ್ತಿ ಕರಗಿದ ಮೇಲೆ ಶಿಯಾ. ಝಿಂಕನ್ನು ಹಾಗೇ ಸುರಿಯಬಾರದು. ಉಳಿಸಿಕೊಂಡ ಎಣ್ಣೆ ಹಾಕಿ ಕಲ್ಲಿನ ಕುಟ್ಟಾಣಿಯಲ್ಲಿ ಗಂಧ ತೇಯ್ದಂತೆ ಅರೆಯಿರಿ. ಒಂದು ಚಿಟಿಕೆಯನ್ನು ಕಪ್ಪು ತಟ್ಟೆಗೆ ತೆಳುವಾಗಿ ಸವರಿ: ಬಿಳಿ ಚುಕ್ಕೆ ಕಂಡರೆ ಅದು ಗಂಟು, ಇನ್ನೂ ಅರೆಯಬೇಕು. ಗಂಟು ಉಳಿದರೆ ಪುಡಿಯೆಲ್ಲ ಅಲ್ಲೇ ಕೂತು, ನಡುವಿನ ಚರ್ಮಕ್ಕೆ ಬರೀ ಎಣ್ಣೆ ಸಿಗುತ್ತದೆ.

ಅರೆದ ಝಿಂಕನ್ನು ಕರಗಿದ ಮಿಶ್ರಣಕ್ಕೆ ಬೆರೆಸಿದ ಕೂಡಲೇ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, ಇಡ್ಲಿ ಹಿಟ್ಟಿನ ಹದಕ್ಕೆ ಬರುವವರೆಗೆ ಕದಡುತ್ತಲೇ ಇರಿ. ನಿಲ್ಲಿಸಿದಿರೋ, ಭಾರದ ಝಿಂಕ್ ತಳ ಸೇರಿತು. ನಿಧಾನ ಆರಿದರೆ ಶಿಯಾ ರವೆಯಂತೆ ಹರಳುಗಟ್ಟುತ್ತದೆ. ಕೈಪಿಡಿಯ ಕೊನೆಯಲ್ಲಿ ‘ಬೇಕಿದ್ದರೆ ಲೋಳೆಸರ’ ಎಂದಿದೆ. ಬೇಡ, ನೀರು ಸೇರಿತೆಂದರೆ ಸಂರಕ್ಷಕ ಬೇಕು, ಇಲ್ಲವಾದರೆ ಬೂಷ್ಟು. ನಿಂಬೆ ಸಿಪ್ಪೆಯ ಎಣ್ಣೆಯೂ ಬೇಡ, ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ.

ಮಾಟುಂಗಾ ಮಾರ್ಕೆಟ್ಟಿಗೆ ಹೂವು ತರಲು ಹೋಗಿಬರುವಷ್ಟಕ್ಕೆ, ಕೊಡೆಯ ಜೊತೆ, ಇದು ಆದೀತು. ಜುಹೂ ಮರಳಿನಲ್ಲಿ ಮಧ್ಯಾಹ್ನ ಕಳೆಯುವವರು, ಗೋವಾಕ್ಕೆ ಹೊರಟವರು ಪರೀಕ್ಷೆಯಾದ ಟ್ಯೂಬನ್ನೇ ಕೊಳ್ಳಲಿ. ಮುಖಕ್ಕೆ ಬಿಳಿ ಲೇಪ ಬಂದೇ ಬರುತ್ತದೆ. ಮೊಡವೆ ಏಳುವ ಮುಖಕ್ಕೆ ತೆಂಗಿನೆಣ್ಣೆ ಹಿಡಿಸದು. ಕಪ್ಪು ಕಾಲರಿಗೆ ಅಂಟಿದ್ದು ಬರೀ ಸಾಬೂನಿಗೆ ಸುಲಭವಾಗಿ ಹೋಗುವುದಿಲ್ಲ. ಮೊದಲು ಪಾತ್ರೆ ತೊಳೆಯುವ ದ್ರಾವಣ ಹಚ್ಚಿ ಉಜ್ಜಿ.