ಮ್ಯಾಲೊರಿ ಯಾರು? ಈ ಎಡಿಷನ್ ತಗೋಬಹುದು

ಆರ್ಥರ್ ರಾಜನ ಕಥೆಗಳನ್ನ ಇಂಗ್ಲಿಷಲ್ಲಿ ಬರೆದ ಸರ್ ಥಾಮಸ್ ಮ್ಯಾಲೊರಿದು 'ಲ ಮೋರ್ಟ್ ಡಾರ್ಥರ್' ಪೇಪರ್‌ಬ್ಯಾಕ್ ತಗೊಂಡೆ, 1934ರಲ್ಲಿ ವಿಂಚೆಸ್ಟರ್ ಕಾಲೇಜಲ್ಲಿ ಸಿಕ್ಕ ಹಸ್ತಪ್ರತಿ ಇಟ್ಕೊಂಡು ಮಾಡಿರೋ ಎಡಿಷನ್ನು. ಕಥೆ ಸೂಪರ್, ಆದ್ರೆ ನಂಗೆ ದುಡ್ಡು ವಸೂಲಾಗಿದ್ದು ಮುನ್ನುಡಿಯಲ್ಲೇ.

ಯಾಕಂದ್ರೆ ಈ ಮನುಷ್ಯ ತನ್ನ ಬಗ್ಗೆ ಹೇಳ್ಕೊಂಡಿರೋದು ತುಂಬಾ ಕಮ್ಮಿ, ತಾನೊಬ್ಬ ನೈಟ್ (ಸರ್ ಪದವಿಯ ವೀರಯೋಧ), ಸೆರೆಯಲ್ಲಿದೀನಿ, ನಾಲ್ಕನೇ ಎಡ್ವರ್ಡ್ ಆಳ್ವಿಕೆಯ 9ನೇ ವರ್ಷ ಅಂದ್ರೆ 1469-70ರಲ್ಲಿ ಮುಗಿಸ್ದೆ, ನನ್ನ ಬಿಡುಗಡೆಗೆ ಪ್ರಾರ್ಥನೆ ಮಾಡಿ, ಅಷ್ಟೇ. ಆ ಸಾಲು ಓದ್ದಾಗ ನಿಜವಾಗ್ಲೂ ಸಂಕಟ ಆಯ್ತು. ಆ ಕಾಲದಲ್ಲಿ ಇದೇ ಹೆಸರಿನೋರು ಹಲವರಿದ್ರು, ಅವರಲ್ಲಿ ಪುಸ್ತಕ ಬರೆದೋನು ಅಂತ ಹೆಚ್ಚಿನ ವಿದ್ವಾಂಸರು ಒಪ್ಪೋದು ವಾರಿಕ್‌ಶೈರ್‌ನ ನ್ಯೂಬೋಲ್ಡ್ ರೆವೆಲ್‌ನವನನ್ನ, 1471ರಲ್ಲಿ ಸತ್ತೋನು, ಪಾರ್ಲಿಮೆಂಟ್ ಮೆಂಬರ್ ಆಗಿದ್ದೋನು, ಆಮೇಲೆ ದನ ಕದ್ದ, ಮಠ ದೋಚಿದ, ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್‌ನ ಕೊಲ್ಲೋಕೆ ಹೊಂಚು ಹಾಕಿದ ಅಂತೆಲ್ಲ ಆರೋಪ ಹೊತ್ತು ವರ್ಷಗಟ್ಟಲೆ ಜೈಲಲ್ಲಿ ಕೊಳೆತೋನು. ವೀರಧರ್ಮದ ಕಥೆ ಬರೆದ ಕೈ ಇದೇನಾ ಅಂತ ಜನಕ್ಕೆ ಡೌಟ್ ಬಂದಿದ್ದು ಸಹಜಾನೇ, ಆದ್ರೆ ಆರೋಪ ಬೇರೆ, ಅಪರಾಧ ಸಾಬೀತಾಗೋದು ಬೇರೆ, ಮುನ್ನುಡಿ ಇದನ್ನ ನಿಧಾನವಾಗಿ ಬಿಡಿಸಿ ಹೇಳುತ್ತೆ.

ಬೇಜಾರಾಗಿದ್ದು ಒಂದೇ, ಯಾರ್ಕ್‌ಶೈರ್‌ನ ಹಟ್ಟನ್ ಕಾನಿಯರ್ಸ್ ಮತ್ತೆ ಕೇಂಬ್ರಿಡ್ಜ್‌ಶೈರ್‌ನ ಪ್ಯಾಪ್‌ವರ್ತ್‌ನ ಥಾಮಸ್ ಮ್ಯಾಲೊರಿಗಳಲ್ಲಿ ಒಬ್ಬ ಬರೆದಿರಬಹುದು ಅನ್ನೋ ವಾದಕ್ಕೆ ಒಂದೇ ಪ್ಯಾರಾ ಕೊಟ್ಟಿದಾರೆ, ಅದು ಅನ್ಯಾಯ. ಹಳೇ ಪದಗಳಿಗೆ ಅರ್ಥ ಕೊಡೋ ಗ್ಲಾಸರಿ ಅಕ್ಷರಾನೂ ತೀರಾ ಸಣ್ಣದು. ಹಸ್ತಪ್ರತಿಯ ಕೊನೆ ಹಾಳೆಗಳು ಕಳೆದೋಗಿವೆ, ಅಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್ಟನ್ 1485ರಲ್ಲಿ ಅಚ್ಚು ಹಾಕಿದ ಪುಸ್ತಕದ ಭಾಗ ಸೇರಿಸಿ ಎಲ್ಲಿಂದ ಅಂತ ಗುರುತು ಹಾಕಿರೋದು ಮಾತ್ರ ತುಂಬಾ ಇಷ್ಟ ಆಯ್ತು. 5ಕ್ಕೆ 4.