ಆಯಿಲ್ ಕ್ಯಾಚ್ ಕ್ಯಾನ್: ಎರಡು ವರ್ಷದ ಬಳಕೆ, ಮತ್ತು ಟರ್ಬೊ ಮೇಲೆ ಬಂದ ಸುಳ್ಳು ಆರೋಪ

ಆಯಿಲ್ ಕ್ಯಾಚ್ ಕ್ಯಾನ್ ಅಂದರೆ ಇಂಜಿನ್ ಒಳಗಿಂದ ಬ್ರೀದರ್ ಪೈಪಿನಲ್ಲಿ ಹೊರಬರುವ ಗ್ಯಾಸಿನ ಎಣ್ಣೆ, ನೀರನ್ನು ಹಿಡಿದಿಡುವ ಡಬ್ಬ. ಅದರ ತಳದ ನಲ್ಲಿಯನ್ನು ಕಾಲು ಸುತ್ತು ತಿರುಗಿಸಿದರೆ ಮೊದಲು ಕಂದು ನೀರು ಬರುತ್ತದೆ, ಹಿಂದೆಯೇ ಬೆಳ್ಳಗಿನ ನೊರೆ, ಕೊನೆಗೆ ದಾರದ ಹಾಗೆ ಕಪ್ಪು ಎಣ್ಣೆ. ಎರಡು ವರ್ಷದಿಂದ ಪ್ರತಿ 1,000 ಕಿ.ಮೀ.ಗೊಮ್ಮೆ ಇದೇ ಕ್ರಮ: ಗಾಜಿನ ಬಾಟಲಿಗೆ ಹಿಡಿಯುವುದು, ರಾತ್ರಿಯಿಡೀ ಅಲುಗಿಸದೆ ಬಿಡುವುದು, ಬೆಳಿಗ್ಗೆ ಕೆಳಗೆ ನೀರೆಷ್ಟು ಮೇಲೆ ಎಣ್ಣೆಯೆಷ್ಟು ಎಂದು ಸ್ಕೇಲಿನಲ್ಲಿ ಅಳೆದು ಬರೆದಿಡುವುದು. ಬೂಸ್ಟ್ (ಟರ್ಬೊ ಇಂಜಿನ್ನಿಗೆ ಗಾಳಿ ತುಂಬುವ ಒತ್ತಡ) ಏರಿಸಿ ದೊಡ್ಡ ಟರ್ಬೊ ಕೂರಿಸಿದ ಪೆಟ್ರೋಲ್ ಕಾರಿಗೆ ಇದಕ್ಕಿಂತ ಸುಲಭದ ಆರೋಗ್ಯ ತಪಾಸಣೆ ಇನ್ನೊಂದಿಲ್ಲ. ಅಳತೆ ತಿಂಗಳಿಂದ ತಿಂಗಳಿಗೆ ಹೆಚ್ಚುಕಡಿಮೆ ಒಂದೇ ಇದ್ದರೆ ಪಿಸ್ಟನ್ ರಿಂಗುಗಳು ಚೆನ್ನಾಗಿವೆ ಎಂದೇ ಲೆಕ್ಕ. ಓಡಿಸುವ ರೀತಿ ಬದಲಾಗದೆ ಎಣ್ಣೆಯ ಪಾಲು ಮಾತ್ರ ಎರಡು ಪಟ್ಟಾದರೆ, ಸೈಲೆನ್ಸರಿನಲ್ಲಿ ಹೊಗೆ ಕಾಣುವುದಕ್ಕೆ ಎಷ್ಟೋ ಮೊದಲೇ ಇಂಜಿನ್ ಸುದ್ದಿ ಕಳಿಸಿದೆ ಎಂದರ್ಥ. ಬೆಳ್ಳಗಿನ ನೊರೆ ಕಂಡು ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿಯಾಗಬೇಡಿ. ಚಳಿಯಲ್ಲಿ, ಹತ್ತಿರದ ಓಡಾಟದಲ್ಲಿ ಹಬೆ ತಣಿದು ಎಣ್ಣೆಯ ಜೊತೆ ಸೇರಿದರೆ ಹೀಗೇ ಆಗುವುದು. ಕೂಲೆಂಟ್ ಟ್ಯಾಂಕಿನ ಮಟ್ಟ ಇಳಿಯುತ್ತಿದ್ದರೆ ಮಾತ್ರ ಆ ಅನುಮಾನಕ್ಕೆ ಜಾಗವಿದೆ.

ಇಲ್ಲಿಯವರೆಗೆ ಹೊಗಳಿಕೆಯೇ. ಈಗ ಈ ಕ್ಯಾನಿನ ದೊಡ್ಡ ದೋಷಕ್ಕೆ ಬರುತ್ತೇನೆ. ಇದೇ ಮಾದರಿಯ ಎಷ್ಟೋ ಕ್ಯಾನುಗಳಲ್ಲಿ ಇರುವ ದೋಷ ಇದು, ಒಳ್ಳೆಯ ಟರ್ಬೊಗಳನ್ನು ಬಿಚ್ಚಿಸಿ ಹಾಕುವಂಥದ್ದು.

ಪೈಪು ಕೂರಿಸುವ ಫಿಟ್ಟಿಂಗ್ ಹೊರಗಿನಿಂದ ದಪ್ಪವಾಗಿಯೇ ಕಾಣುತ್ತದೆ. 16 ಮಿ.ಮೀ. ಒಳವ್ಯಾಸದ ಪೈಪು ಬಿಗಿಯಾಗಿ ಕೂರುತ್ತದೆ. ಆದರೆ ಫಿಟ್ಟಿಂಗ್ ಒಳಗಿನ ತೂತಿಗೆ ವರ್ನಿಯರ್ ಹಿಡಿದರೆ ಬರುವುದು 9 ಮಿ.ಮೀ. ವ್ಯಾಸದಲ್ಲಿ ಹೇಳಿದರೆ ಅರ್ಧಕ್ಕಿಂತ ಹೆಚ್ಚೇ ಇದೆ ಅನ್ನಿಸುತ್ತದೆ, ಆದರೆ ಗಾಳಿ ಹೋಗುವುದು ವಿಸ್ತೀರ್ಣದಲ್ಲಿ. 16ಕ್ಕೆ ಸುಮಾರು 201 ಚದರ ಮಿ.ಮೀ., 9ಕ್ಕೆ ಬರೀ 64. ಮೂರರಲ್ಲಿ ಒಂದು ಪಾಲೂ ಇಲ್ಲ. ಅಂಥ ಫಿಟ್ಟಿಂಗ್ ಎರಡು, ನಡುವೆ ಒತ್ತಾಗಿ ತುಂಬಿದ ಜಾಲರಿ.

ಬೂಸ್ಟ್ ಇದ್ದಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಒತ್ತಡವಿರುವುದರಿಂದ ಪಿಸಿವಿ ವಾಲ್ವ್ (ಇಂಜಿನ್ ಒಳಗಿನ ಗ್ಯಾಸನ್ನು ಮ್ಯಾನಿಫೋಲ್ಡಿಗೆ ಬಿಡುವ ವಾಲ್ವ್) ಮುಚ್ಚಿಕೊಳ್ಳುತ್ತದೆ. ರಿಂಗುಗಳ ಸಂದಿನಲ್ಲಿ ಇಳಿದು ಬಂದ ಗ್ಯಾಸೆಲ್ಲ ಟರ್ಬೊ ಬಾಯಿಗೆ ಹೋಗುವ ಬ್ರೀದರ್ ಪೈಪಿನಲ್ಲೇ ಹೊರಬೀಳಬೇಕು. ಕ್ಯಾನ್ ಕೂತಿರುವುದೂ ಅದೇ ದಾರಿಯಲ್ಲಿ. ದಾರಿ ಕಿರಿದಾದರೆ ಕ್ರ್ಯಾಂಕ್‌ಕೇಸಿನಲ್ಲಿ (ಇಂಜಿನ್ನಿನ ಕೆಳಭಾಗದ ಪೆಟ್ಟಿಗೆ) ಒತ್ತಡ ಏರುತ್ತದೆ. ಟರ್ಬೊಗೆ ಎಣ್ಣೆ ಪಂಪಿನ ಒತ್ತಡದಲ್ಲಿ ಬರುತ್ತದೆ, ಆದರೆ ವಾಪಸ್ ಸಂಪಿಗೆ (ಇಂಜಿನ್ ತಳದ ಎಣ್ಣೆ ತೊಟ್ಟಿ) ಇಳಿಯುವುದು ಬರೀ ತನ್ನ ಭಾರದಿಂದ. ಕೆಳಗೆ ಒತ್ತಡವಿದ್ದರೆ ಆ ನೊರೆ ಎಣ್ಣೆ ಇಳಿಯುವುದಿಲ್ಲ, ಟರ್ಬೊ ನಡುಭಾಗದಲ್ಲೇ ನಿಲ್ಲುತ್ತದೆ. ಶಾಫ್ಟಿನ ತುದಿಯಲ್ಲಿರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಉಂಗುರ. ತುಂಬಿ ನಿಂತ ಎಣ್ಣೆಯನ್ನು ಅದು ತಡೆಯಲಾರದು. ಜೋರಾಗಿ ಓಡಿಸಿ ಬಂದು ಐಡ್ಲಿಂಗಿನಲ್ಲಿ ನಿಲ್ಲಿಸಿದಾಗ ಟರ್ಬೈನ್ (ಇಂಜಿನ್ ಹೊಗೆಯಿಂದ ತಿರುಗುವ ಚಕ್ರ) ಕಡೆಯ ಒತ್ತಡವೂ ಇಳಿದಿರುತ್ತದೆ, ಎಣ್ಣೆ ಆ ಬದಿಗೆ ಜಾರುತ್ತದೆ, ಬಿಸಿ ಟರ್ಬೈನಿಗೆ ತಾಗಿ ಹಿಂದೆ ನೀಲಿ ಮೋಡ. ನೋಡಿದವರು ಹೇಳುವುದು ಒಂದೇ ಮಾತು: ಟರ್ಬೊ ಸೀಲ್ ಹೋಗಿದೆ. ಹೊಸ ಟರ್ಬೊ ಹಾಕಿದರೂ ಅದೇ ಹೊಗೆ ಬರುತ್ತದೆ, ಯಾಕೆಂದರೆ ಉಸಿರು ಕಟ್ಟಿದ್ದು ಬೇರೆ ಕಡೆ.

ಆದ್ದರಿಂದ ಕ್ಯಾನ್ ಹಾಕಿದ ಮೇಲೆ ಹೊಗೆ ಶುರುವಾಗಿದ್ದರೆ, ಸ್ಪ್ಯಾನರ್ ಹಿಡಿಯುವ ಮೊದಲು ಹೊಗೆ ಯಾವಾಗ ಬರುತ್ತದೆ ಎಂದು ನೋಡಿ. ಬಣ್ಣಕ್ಕಿಂತ ಸಮಯ ಹೆಚ್ಚು ಹೇಳುತ್ತದೆ. ರಾತ್ರಿ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದಾಗ ಒಮ್ಮೆ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ, ಇಲ್ಲವೇ ಗೇರಿನಲ್ಲೇ ಇಳಿಜಾರು ಇಳಿದು ಆಕ್ಸಿಲರೇಟರ್ ಒತ್ತಿದ ಕೂಡಲೇ ಹೊಗೆ ಬಂದರೆ ವಾಲ್ವ್ ಸ್ಟೆಮ್ ಸೀಲ್. ಪೂರ್ತಿ ಲೋಡಿನಲ್ಲಿ ಎಳೆಯುವಷ್ಟು ಹೊತ್ತೂ ನೀಲಿ ಇದ್ದರೆ ರಿಂಗು. ಕೆಲವು ನಿಮಿಷ ಐಡ್ಲಿಂಗಿನಲ್ಲಿ ನಿಂತು ಆಮೇಲೆ ರೇಸ್ ಮಾಡಿದಾಗ ದಟ್ಟವಾಗಿ ಬಂದರೆ ಟರ್ಬೊ, ಅಥವಾ ಅದರ ಎಣ್ಣೆ ಇಳಿಯುವ ದಾರಿ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ ಕೂಲೆಂಟಿನದು. ಗೇರ್ ಬದಲಿಸುವಾಗ ಮಾತ್ರ ಕಪ್ಪು ಬುಸ್ ಅಂದರೆ ಏರ್‌ಫ್ಲೋ ಸೆನ್ಸರ್ ಇರುವ ಕಾರಿಗೆ ಹೊರಗೆ ಗಾಳಿ ಬಿಡುವ ಬ್ಲೋ-ಆಫ್ ವಾಲ್ವ್ ಹಾಕಿರುವುದರ ಫಲ: ಅಳೆದ ಗಾಳಿ ಹೊರಗೆ ಹೋಯಿತು, ಅದರ ಲೆಕ್ಕದ ಪೆಟ್ರೋಲ್ ಒಳಗೆ ಉಳಿಯಿತು.

ಟರ್ಬೊ ಎಂದು ಅನ್ನಿಸಿದರೆ ಮುಂದಿನ ಪರೀಕ್ಷೆಗೆ ಬೇಕಾಗಿರುವುದು ಎರಡು ಮೀಟರ್ ಪಾರದರ್ಶಕ ಪೈಪು ಮತ್ತು ಬಣ್ಣ ಹಾಕಿದ ನೀರು. ಹಳೆಯ ಆಯಿಲ್ ಫಿಲ್ಲರ್ ಮುಚ್ಚಳವೊಂದಕ್ಕೆ ತೂತು ಕೊರೆದು ಸಣ್ಣ ನಳಿಕೆ ಕೂರಿಸಿ, ಪೈಪಿನ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ತೆರೆದೇ ಇರಲಿ. ನಡುವೆ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಅರ್ಧ ಮಟ್ಟಕ್ಕೆ ನೀರು ತುಂಬಿ ಹಲಗೆಗೆ ಕಟ್ಟಿ. ಡಿಪ್‌ಸ್ಟಿಕ್ ಕೊಳವೆಗೆ ಸಿಕ್ಕಿಸಬೇಡಿ, ಕೆಲವು ಇಂಜಿನುಗಳಲ್ಲಿ ಅದರ ತುದಿ ಎಣ್ಣೆಯೊಳಗೇ ಮುಳುಗಿರುತ್ತದೆ, ಅಳತೆ ಸುಳ್ಳಾಗುತ್ತದೆ. ಎರಡು ಬದಿಯ ನೀರಿನ ಮಟ್ಟದಲ್ಲಿ 10 ಸೆಂ.ಮೀ. ವ್ಯತ್ಯಾಸ ಬಂದರೆ ಸುಮಾರು 1 ಕಿಲೋಪ್ಯಾಸ್ಕಲ್ ಒತ್ತಡ. ನಿಂತಲ್ಲೇ ರೇಸ್ ಮಾಡಿದರೆ ಬೂಸ್ಟ್ ಸರಿಯಾಗಿ ಬರುವುದಿಲ್ಲ, ಆದ್ದರಿಂದ ಪೈಪನ್ನು ಬಾನೆಟ್ ಸಂದಿಯಿಂದ ಕಿಟಕಿಯೊಳಗೆ ತಂದು, ಪಕ್ಕದಲ್ಲಿ ಕೂತವರು ನೋಡುವಂತೆ, ಖಾಲಿ ಜಾಗದಲ್ಲಿ ಒಂದೇ ಗೇರಿನಲ್ಲಿ ಒಂದೇ ಬೂಸ್ಟಿನಲ್ಲಿ ಎರಡು ಸಲ ಓಡಿಸಬೇಕು. ಒಮ್ಮೆ ಕ್ಯಾನ್ ಇಟ್ಟುಕೊಂಡು, ಇನ್ನೊಮ್ಮೆ ಕಂಪನಿಯ ಮೂಲ ಬ್ರೀದರ್ ಪೈಪು ಜೋಡಿಸಿ. ಕ್ಯಾನ್ ಇದ್ದಾಗ ನೀರು ಒಂದು ಗೇಣು ಏರಿ, ಮೂಲ ಪೈಪಿನಲ್ಲಿ ಬೆರಳಗಲ ಮಾತ್ರ ಏರಿದರೆ ಕಳ್ಳ ಸಿಕ್ಕ. ಎರಡರಲ್ಲೂ ಗೇಣು ಏರಿದರೆ ರಿಂಗುಗಳ ಕಡೆ ನೋಡಿ: ಲೀಕ್-ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡುವುದು) ಮಾಡಿಸಿ, ಫಿಲ್ಲರ್ ಬಾಯಿಗೆ ಕಿವಿಯಿಟ್ಟು ಕೇಳಿ. ಅಲ್ಲಿ ಗಾಳಿ ನುಗ್ಗುವ ಸದ್ದು ಜೋರಿದ್ದರೆ ಸೋರಿಕೆ ಪಿಸ್ಟನ್ನಿನ ಪಕ್ಕದಿಂದ.

ಎರಡರಲ್ಲೂ ನೀರು ಕದಲದಿದ್ದರೂ ಹೊಗೆ ಬರುತ್ತಿದ್ದರೆ ಟರ್ಬೊ ಎಣ್ಣೆ ಪೈಪುಗಳ ಸರದಿ. ಇಳಿಯುವ ಪೈಪು ಸುಮಾರು 16 ಮಿ.ಮೀ. ಒಳವ್ಯಾಸಕ್ಕಿಂತ ಕಿರಿದಾಗಬಾರದು, ಎಲ್ಲೂ ಜೋತು ಬೀಳಬಾರದು, ಸಂಪಿನಲ್ಲಿ ಎಣ್ಣೆ ಮಟ್ಟಕ್ಕಿಂತ ಮೇಲೆಯೇ ಸೇರಬೇಕು. ಫ್ಲೇಂಜಿಗೆ ಗ್ಯಾಸ್ಕೆಟ್ ಬದಲು ಸೀಲೆಂಟ್ ಬಳಿದಿದ್ದರೆ ಬಿಚ್ಚಿ ನೋಡಿ, ಒಳಗೆ ಉಬ್ಬಿಬಂದ ಸೀಲೆಂಟ್ ಅರ್ಧ ದಾರಿ ಮುಚ್ಚಿರುವುದುಂಟು. ಬಾಲ್ ಬೇರಿಂಗ್ ಟರ್ಬೊ ಆಗಿದ್ದರೆ ಎಣ್ಣೆ ಒಳಬರುವ ಕಡೆ ಸುಮಾರು 1 ಮಿ.ಮೀ. ತೂತಿನ ರಿಸ್ಟ್ರಿಕ್ಟರ್ ಇದೆಯೇ ಖಚಿತಪಡಿಸಿಕೊಳ್ಳಿ. ಅದಿಲ್ಲದೆ ಬೇಡದಷ್ಟು ಎಣ್ಣೆ ನುಗ್ಗುತ್ತದೆ.

ಈ ಕ್ಯಾನಿನ ಮಟ್ಟಿಗೆ ಪರಿಹಾರ ಕಷ್ಟದ್ದಲ್ಲ. ಫಿಟ್ಟಿಂಗುಗಳು ತಿರುಪಿನಂತೆ ಥ್ರೆಡ್ ಮೇಲೆ ಕೂತಿವೆ, ಬಿಚ್ಚಬಹುದು. 15 ಮಿ.ಮೀ. ಒಳತೂತಿನವನ್ನು ಹಾಕಿ, ಜಾಲರಿಯನ್ನು ಅರ್ಧಕ್ಕೆ ಇಳಿಸಿದ ಮೇಲೆ ಐಡ್ಲಿಂಗ್ ಹೊಗೆ ನಿಂತಿತು. ಟರ್ಬೈನ್ ದಾಟಿ ಸೈಲೆನ್ಸರಿನಲ್ಲಿ ಕೂತ ಹಳೆಯ ಎಣ್ಣೆ ಸುಟ್ಟು ಮುಗಿಯುವವರೆಗೆ ಸ್ವಲ್ಪ ಹೊಗೆ ಉಳಿಯುತ್ತದೆ, ಒಂದೆರಡು ದೀರ್ಘ ಓಟದ ತನಕ ತೀರ್ಪು ಕೊಡಬೇಡಿ. ಜಾಲರಿ ಕಡಿಮೆ ಮಾಡಿದರೂ ಬಾಟಲಿಯ ಅಳತೆ ಗಮನಿಸುವಷ್ಟು ಇಳಿಯಲಿಲ್ಲ ಎನ್ನುವುದು ನಿಜಕ್ಕೂ ಸಂತೋಷದ ಸಂಗತಿ. ಎಣ್ಣೆ ಹಿಡಿಯುವ ಕೆಲಸವನ್ನು ಹೆಚ್ಚಾಗಿ ಒಳಗಿನ ತಡೆಹಲಗೆಯೇ ಮಾಡುತ್ತಿತ್ತು. ಜಾಲರಿ ಬದಲಿಸುವವರು ಪಾತ್ರೆ ಉಜ್ಜುವ ಸಾಮಾನ್ಯ ಉಕ್ಕಿನ ನಾರು ಮಾತ್ರ ತುಂಬಬೇಡಿ. ತುಕ್ಕು ಹಿಡಿದು ಎಳೆ ಎಳೆಯಾಗಿ ಟರ್ಬೊ ಬಾಯಿಗೆ ಹೋಗುತ್ತದೆ. ಸ್ಟೇನ್‌ಲೆಸ್ ಜಾಲರಿಯೇ ಆಗಬೇಕು.

ಜೊತೆಗೆ ಬಂದ ಸಿಲಿಕೋನ್ ಪೈಪನ್ನೂ ತೆಗೆದದ್ದಾಯಿತು. ಸಾದಾ ಸಿಲಿಕೋನ್ ಎಣ್ಣೆಗೆ ಉಬ್ಬುತ್ತದೆ, ಮೈಯೆಲ್ಲ ಬೆವರಿದಂತೆ ಎಣ್ಣೆ ಜಿನುಗುತ್ತದೆ. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಪೈಪು ಇದಕ್ಕೆ ಸರಿ. ಕ್ಲಾಂಪು, ಬ್ರ್ಯಾಕೆಟ್ಟು, ಬಣ್ಣ ಎಲ್ಲ ಚೆನ್ನಾಗಿವೆ, ಹೇಳಲು ಏನಿಲ್ಲ.

ತಿಂಗಳಿಗೊಮ್ಮೆ ಬಾನೆಟ್ ಎತ್ತುವ ಅಭ್ಯಾಸವಿದ್ದು, ಫಿಟ್ಟಿಂಗ್ ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿ ನೋಡುವವರಾದರೆ ಕೊಳ್ಳಿ, ಐದಕ್ಕೆ ನಾಲ್ಕು. ಡಬ್ಬದಿಂದ ತೆಗೆದು ಹಾಗೇ ಹಾಕಿ ಮರೆತುಬಿಡುವವರಿಗೆ ಐದಕ್ಕೆ ಒಂದೂ ಇಲ್ಲ. ಖಾಲಿ ಮಾಡದೆ ಬಿಟ್ಟ ಕ್ಯಾನ್ ತುಂಬಿದರೆ, ಜೋರು ಓಟದಲ್ಲಿ ಒಳಗಿದ್ದ ಎಣ್ಣೆ ಒಮ್ಮೆಲೇ ಟರ್ಬೊ ಬಾಯಿಗೆ ಎಳೆದುಕೊಂಡು ಹೋಗುತ್ತದೆ. ಆಗ ಬರುವ ಹೊಗೆ ಇಂಜಿನ್ ಬಿಚ್ಚಿಸುವಷ್ಟು ದಟ್ಟವಾಗಿರುತ್ತದೆ. ಅಂಥ ಹೊಗೆ ಕಂಡರೆ ಇಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಮೊದಲು ತಳದ ನಲ್ಲಿ ತಿರುಗಿಸಿ ನೋಡಿ. ಬಾಟಲಿ ತುಂಬಿ ಹರಿದರೆ ಬ್ರೀದರ್ ಪೈಪು ಮತ್ತು ಇಂಟರ್‌ಕೂಲರ್ (ಟರ್ಬೊ ಬಿಟ್ಟ ಬಿಸಿ ಗಾಳಿಯನ್ನು ತಣಿಸುವ ಭಾಗ) ಎರಡನ್ನೂ ಬಿಚ್ಚಿ ಎಣ್ಣೆ ಬಸಿದ ಮೇಲೆಯೇ ಮತ್ತೆ ಸ್ಟಾರ್ಟ್ ಮಾಡಿ.