ಭೂತದ ಸಿನಿಮಾಕ್ಕೆ ಯಾವ ಊಟ? ಕಡಕ್ ರೊಟ್ಟಿ, ಸೂಸಲ, ಝುಣಕ, ನುಚ್ಚು

ಮೊದಲ ಶನಿವಾರ ‘ಭೂತ್’ ಹಾಕಿದ್ದೆವು. 2003ರ ಹಿಂದಿ ಸಿನಿಮಾ. ಡಿಸೆಂಬರ್ ಚಳಿ, ಫ್ಯಾನ್ ಬೇಕಿರಲಿಲ್ಲ. ಲೈಟ್ ಆರಿಸಿ ನಾಲ್ವರು ಗೋಡೆಗೆ ಒರಗಿ ಕೂತಿದ್ದೆವು. ಮುಂಬೈಯ ಹನ್ನೆರಡನೇ ಮಹಡಿಯ ಫ್ಲಾಟು. ಊರ್ಮಿಳಾ ನಡುರಾತ್ರಿ ಎದ್ದು ನಡೆಯುತ್ತಿದ್ದಾಳೆ. ಟಿವಿಯಲ್ಲಿ ಸದ್ದಿಲ್ಲ, ಕೋಣೆಯಲ್ಲೂ ಸದ್ದಿಲ್ಲ. ಆಗ ನನ್ನ ಪಕ್ಕದಲ್ಲಿ ‘ಕಟಕ್’ ಅಂತ ಕೇಳಿಸಿತು. ಗೆಳೆಯ ಕಡಕ್ ರೊಟ್ಟಿ ಮುರಿದಿದ್ದ. ಒಂದು ಸಲ ಎಲ್ಲರೂ ಬೆಚ್ಚಿದೆವು, ಆಮೇಲೆ ಹೊಟ್ಟೆ ಹಿಡಿದು ನಕ್ಕೆವು. ಅಲ್ಲಿಗೆ ಮುಗಿಯಿತು. ಮುಂದಿನ ಒಂದು ತಾಸು ಆ ಸಿನಿಮಾ ನಮ್ಮನ್ನು ಹೆದರಿಸಲೇ ಇಲ್ಲ.

ಹದಿಮೂರನೇ ವಯಸ್ಸಿನಲ್ಲಿ ಇದೇ ಸಿನಿಮಾ ನೋಡಿ ನಾನು ಒಂದು ವಾರ ರಾತ್ರಿ ಒಬ್ಬನೇ ಬಚ್ಚಲಿಗೆ ಹೋಗಿರಲಿಲ್ಲ. ಹಾಗಿದ್ದರೆ ತಪ್ಪು ಸಿನಿಮಾದ್ದಾ, ವಯಸ್ಸಿನದಾ, ರೊಟ್ಟಿಯದಾ? ಅದನ್ನು ನೋಡಿಯೇ ಬಿಡೋಣ ಅಂತ ಶುರುವಾಗಿದ್ದು ಈ ಹೋಲಿಕೆ.

ನಾವು ನಾಲ್ವರೂ ವಿಜಯಪುರದಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ಒಬ್ಬ ಸೊಲ್ಲಾಪುರದಲ್ಲಿ ಕೆಲಸಕ್ಕಿದ್ದಾನೆ, ಶನಿವಾರ ಸಂಜೆ ಊರಿಗೆ ಬರುತ್ತಾನೆ. ಇಬ್ಬರಿಗೆ ಇಲ್ಲೇ ಅಂಗಡಿ. ಸಣ್ಣವರಿದ್ದಾಗ ಸಿಡಿ ಬಾಡಿಗೆ ತಂದು, ಹಗಲು ಹೊತ್ತಿನಲ್ಲೇ ಕಿಟಕಿಗೆ ಚಾದರ ಕಟ್ಟಿ ಕತ್ತಲೆ ಮಾಡಿಕೊಂಡು ಭೂತದ ಸಿನಿಮಾ ನೋಡುತ್ತಿದ್ದೆವು. ಈಗ ಅವೇ ಸಿನಿಮಾಗಳನ್ನು ಮತ್ತೆ ನೋಡುವುದು ಅಂತ ಆಯಿತು. ಮನೆ ನಮ್ಮದು, ಅಡುಗೆ ನನ್ನದು. ಹೊರಗಿಂದ ಏನೂ ತರಿಸಬಾರದು ಅನ್ನುವುದು ನಾನೇ ಹಾಕಿದ ಷರತ್ತು. ವಾರಪೂರ್ತಿ ಹೋಟೆಲ್ ಊಟ ಮಾಡುವ ಆ ಸೊಲ್ಲಾಪುರದವನಿಗೆ ಒಂದು ರಾತ್ರಿಯಾದರೂ ಮನೆ ಊಟ ಸಿಗಲಿ ಅಂತ ನನ್ನ ಆಸೆ. ಐದು ಶನಿವಾರದಲ್ಲಿ ನಾಲ್ಕು ಅಡುಗೆ, ನಾಲ್ಕು ಸಿನಿಮಾ. ಕೆಲವನ್ನು ಅದಲು ಬದಲು ಮಾಡಿ ಎರಡನೇ ಸಲವೂ ನೋಡಿದೆವು.

ಕಡಕ್ ರೊಟ್ಟಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಅನ್ಯಾಯ ಆಗಬಾರದು. ಅಡುಗೆ ಮಾಡುವವನಿಗೆ ಇದಕ್ಕಿಂತ ಸುಖದ ಊಟ ಇಲ್ಲ. ರೊಟ್ಟಿ ಮೊದಲೇ ಬಡಿದು ಒಣಗಿಸಿ ಇಟ್ಟಿರುತ್ತದೆ. ಶೇಂಗಾ ಹಿಂಡಿ ಡಬ್ಬಿಯಲ್ಲಿರುತ್ತದೆ. ಮೊಸರು, ಹಸಿ ಉಳ್ಳಾಗಡ್ಡಿ, ಅಷ್ಟೇ. ಮನಸ್ಸಿದ್ದರೆ ಬದನೆಕಾಯಿ ಎಣಗಾಯಿ. ಸಣ್ಣ ಮುಳ್ಳು ಬದನೆಕಾಯಿಯನ್ನು ನಾಲ್ಕು ಸೀಳು ಮಾಡಿ, ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿ, ಬಳ್ಳೊಳ್ಳಿ, ಖಾರದಪುಡಿ, ಹುಣಸೆಹಣ್ಣು, ಬೆಲ್ಲ ಅರೆದು ತುಂಬಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಇಡಬೇಕು. ಮುಕ್ಕಾಲು ತಾಸು ಬೇಕು, ಆದರೆ ಗೆಳೆಯರು ಬರುವ ಮೊದಲೇ ಮುಗಿದುಹೋಗುತ್ತದೆ. ಸಿನಿಮಾ ಶುರುವಾದ ಮೇಲೆ ಯಾರೂ ಏಳಬೇಕಿಲ್ಲ.

ತೊಂದರೆ ಸದ್ದಿನದು ಮಾತ್ರ. ನಾಲ್ವರು ಕಡಕ್ ರೊಟ್ಟಿ ಮುರಿದು ಅಗಿಯುವಾಗ ಟಿವಿಯ ವಾಲ್ಯೂಮ್ ಎಷ್ಟು ಏರಿಸಿದರೂ ಸಾಲದು. ‘ಭೂತ್’ನಲ್ಲಿ ಒಂದೂ ಹಾಡಿಲ್ಲ. ಅದು ಹೆದರಿಸುವುದು ಸುಮ್ಮನಿರುವ ಹೊತ್ತಿನಲ್ಲಿ. ಬಾಗಿಲ ಹಿಂದೆ ಏನೋ ಇದೆ ಅನ್ನುವಾಗ ಸದ್ದನ್ನು ತಡೆದು ಹಿಡಿಯುತ್ತದೆ, ನಾವೂ ಉಸಿರು ಹಿಡಿದು ಕಾಯಬೇಕು. ಬಾಯಲ್ಲಿ ರೊಟ್ಟಿ ಕಟಕಟ ಅನ್ನುತ್ತಿದ್ದರೆ ಕಾಯುವುದು ಹೇಗೆ?

ಈ ಊರಲ್ಲಿ ಹುಟ್ಟಿದವರಿಗೆ ಸಣ್ಣ ಸದ್ದಿನ ತಾಕತ್ತು ಗೊತ್ತಿರಬೇಕಿತ್ತು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಎಲ್ಲರೂ ಕೂಗಾಡುತ್ತಾರೆ, ಕೂಗು ಏಳು ಸಲ ತಿರುಗಿ ಬರುತ್ತದೆ ಅಂತ ಎಣಿಸುತ್ತಾರೆ. ಆದರೆ ಜನ ಕಡಿಮೆ ಇರುವ ಮುಂಜಾನೆ ಹೋಗಿ ನೋಡಿ. ಗುಮ್ಮಟದ ಒಳಗೆ ಈ ಗೋಡೆಯಿಂದ ಆ ಗೋಡೆಗೆ ಸುಮಾರು 38 ಮೀಟರ್. ಆ ಕಡೆ ಯಾರೋ ಕಾಗದ ಹರಿದರೆ ಈ ಕಡೆ ಗೋಡೆಗೆ ಕಿವಿ ಇಟ್ಟವನಿಗೆ ಕಿವಿಯಲ್ಲೇ ಹರಿದಂತೆ ಕೇಳುತ್ತದೆ. ಸಣ್ಣವನಿದ್ದಾಗ ನನಗೆ ಕೂಗಿಗೆ ಹೆದರಿಕೆ ಆಗಿರಲಿಲ್ಲ. ಆ ಕಾಗದದ ಸದ್ದಿಗೆ ಮೈ ಜುಮ್ ಅಂದಿತ್ತು. ‘ಭೂತ್’ ಮಾಡಿದವರೂ ಅದೇ ಜಾಗಕ್ಕೆ ಕೈ ಹಾಕಿದ್ದಾರೆ.

ಎರಡನೇ ಶನಿವಾರ ಕಡಕ್ ರೊಟ್ಟಿಯನ್ನೇ ಇಟ್ಟುಕೊಂಡು ಸಿನಿಮಾ ಬದಲಿಸಿದೆವು. 1984ರ ‘ಪುರಾನಾ ಮಂದಿರ್’. ರಾಮ್ಸೆ ಸಹೋದರರದ್ದು. ಇದು ಬಹಳ ಚೆನ್ನಾಗಿ ಕೂಡಿಬಂತು. ಈ ಸಿನಿಮಾದಲ್ಲಿ ಸುಮ್ಮನಿರುವ ಹೊತ್ತೇ ಕಮ್ಮಿ. ಗುಡುಗು, ಗಾಳಿ, ಬಾಗಿಲು ಬಡಿಯುವುದು, ಚೀರಾಟ. ರೊಟ್ಟಿ ಮುರಿದರೆ ಅದೂ ಆ ಗದ್ದಲದಲ್ಲಿ ಸೇರಿಹೋಗುತ್ತದೆ. ಸಾಮ್ರಿ ಅನ್ನುವ ರಾಕ್ಷಸನ ತಲೆ ಒಂದು ಕಡೆ, ಮುಂಡ ಇನ್ನೊಂದು ಕಡೆ. ಎರಡು ಸೇರಿದರೆ ಕಥೆ ಮುಗಿಯಿತು ಅಂತ ನಮಗೆ ಮೊದಲೇ ಗೊತ್ತು. ಆದರೂ ಸೇರುವ ಹೊತ್ತಿಗೆ ನಾಲ್ವರ ಕೈಯೂ ತಟ್ಟೆಯಲ್ಲೇ ನಿಂತಿತ್ತು. ಆ ಪಾತ್ರ ಮಾಡಿದ ಅನಿರುದ್ಧ್ ಅಗರ್‌ವಾಲ್ ಎಂಜಿನಿಯರಿಂಗ್ ಓದಿದವರು ಅಂತ ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಅವರ ಎತ್ತರ, ಮುಖದ ಆ ಎಲುಬು, ಇವತ್ತಿಗೂ ಹಾಗೇ ಹೆದರಿಸುತ್ತವೆ. ನಡುವೆ ಜಗದೀಪ್ ಅವರ ಹಾಸ್ಯದ ಭಾಗ ಉದ್ದ ಇದೆ. ಆಗ ಎದ್ದು ಎರಡನೇ ಸಲ ಎಣಗಾಯಿ ಬಡಿಸಿಕೊಂಡು ಬರಬಹುದು, ಏನೂ ತಪ್ಪಿಹೋಗುವುದಿಲ್ಲ.

ಅವತ್ತು ಸಿನಿಮಾ ಮುಗಿದ ಮೇಲೆ ಸಾಠ್ ಕಬರ್ ಮಾತು ಬಂತು. ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮೊದಲು ಅಫ್ಜಲ್‌ಖಾನ ತನ್ನ ಹೆಂಡತಿಯರನ್ನೆಲ್ಲ ಕೊಂದ ಅಂತ ಊರಲ್ಲಿ ಹೇಳುವ ಕಥೆ, ಆ ಸಾಲು ಸಾಲು ಸಮಾಧಿಗಳು. ಶಾಲೆಯ ದಿನಗಳಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಸೈಕಲ್ ಮೇಲೆ ಅಲ್ಲಿಗೆ ಹೋಗಿ, ಒಳಗೆ ಐದು ನಿಮಿಷ ನಿಂತು ಓಡಿ ಬಂದಿದ್ದೆವು. ರಾತ್ರಿ ಹನ್ನೆರಡಕ್ಕೆ ಅದನ್ನು ನೆನೆಸಿಕೊಂಡ ಮೇಲೆ ಯಾರೂ ಮನೆಗೆ ಹೋಗುವ ಮಾತಾಡಲಿಲ್ಲ. ಚಾದರ ಹಾಸಿ ಅಲ್ಲೇ ಮಲಗಿದರು.

ಮೂರನೇ ವಾರ ಸೂಸಲ ಮತ್ತು ಮಿರ್ಚಿ ಭಜಿ, ಜೊತೆಗೆ ‘ಆಪ್ತಮಿತ್ರ’. ಸೂಸಲ ನನಗೆ ಪ್ರೀತಿಯ ತಿಂಡಿ. ಚುರುಮುರಿ ತೊಯಿಸಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ, ಅರಿಶಿಣದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಲಿಂಬೆಹಣ್ಣು ಹಿಂಡಿದರೆ ಇಪ್ಪತ್ತು ನಿಮಿಷದ ಕೆಲಸ. ಮೆತ್ತಗಿರುತ್ತದೆ, ಸದ್ದು ಮಾಡುವುದಿಲ್ಲ. ಆದರೆ ಅದರ ಜೊತೆ ಭಜಿ ಬೇಕೇ ಬೇಕು ಅಂತ ಎಲ್ಲರೂ ಹಠ ಹಿಡಿದರು. ಭಜಿ ಬಿಸಿ ಇರಬೇಕು. ಬಿಸಿ ಇರಬೇಕೆಂದರೆ ಒಬ್ಬ ಬಾಣಲೆಯ ಮುಂದೆ ನಿಲ್ಲಬೇಕು. ಆ ಒಬ್ಬ ನಾನು. ಒಳಗಿನಿಂದ ‘ಹೌಲಾ ಹೌಲಾ’ ಕೇಳುತ್ತದೆ, ಗೆಳೆಯರ ನಗು ಕೇಳುತ್ತದೆ, ನಾನು ಜಾಲರಿ ಸೌಟು ಹಿಡಿದು ನಿಂತಿದ್ದೇನೆ. ಸುಮಾರು ಅರ್ಧ ತಾಸು ಹೀಗೇ ಹೋಯಿತು. ರುಚಿಯಲ್ಲಿ ಅವತ್ತಿನ ಊಟಕ್ಕೇ ಎಲ್ಲರೂ ಹೆಚ್ಚು ಮಾರ್ಕ್ಸ್ ಕೊಟ್ಟರು. ನಾನು ಮಾತ್ರ ಇದನ್ನು ಕೊನೆಗೆ ಇಡುತ್ತೇನೆ. ಗೆಳೆಯರ ಜೊತೆ ಕೂರಲಿಕ್ಕಾಗದ ಊಟ ಎಷ್ಟು ರುಚಿ ಇದ್ದರೇನು? ಈ ಐದು ಶನಿವಾರದ ಲೆಕ್ಕದ ಹೊರಗೆ ಇನ್ನೊಂದು ದಿನ ಭಜಿ ಬಿಟ್ಟು ಬರೀ ಸೂಸಲ ಮಾಡಿದೆ. ಅರ್ಧ ಸಿನಿಮಾಕ್ಕೇ ಹಸಿವಾಯಿತು, ತಟ್ಟೆಯಲ್ಲಿ ಉಳಿದದ್ದು ಒಣಗಿ ಗಂಟಲಲ್ಲಿ ಇಳಿಯಲಿಲ್ಲ. ಅದು ಸಂಜೆ ಚಹಾದ ಹೊತ್ತಿನ ತಿಂಡಿ, ರಾತ್ರಿಯ ಊಟ ಅಲ್ಲ.

‘ಆಪ್ತಮಿತ್ರ’ ಬಗ್ಗೆ ಒಂದು ಮಾತು ಹೇಳಲೇಬೇಕು. ಸೌಂದರ್ಯ ತೀರಿಕೊಂಡದ್ದು 2004ರ ಏಪ್ರಿಲ್‌ನಲ್ಲಿ, ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ನಾವು ಥಿಯೇಟರಿನಲ್ಲಿ ನಾಗವಲ್ಲಿಯನ್ನು ನೋಡುವಾಗ ಆಕೆ ಇಲ್ಲ ಅನ್ನುವುದು ಗೊತ್ತಿತ್ತು. ಮಕ್ಕಳ ತಲೆಯಲ್ಲಿ ಅದೇ ದೊಡ್ಡ ಹೆದರಿಕೆ ಆಗಿತ್ತು, ತೀರಿಕೊಂಡವರು ಪರದೆಯ ಮೇಲೆ ಕಣ್ಣು ಅಗಲಿಸಿ ನೋಡುತ್ತಿದ್ದಾರೆ ಅಂತ. ಈಗ ನೋಡಿದರೆ ಹೆದರಿಕೆ ಆಗಲಿಲ್ಲ, ಗಂಟಲು ಕಟ್ಟಿತು. ವಿಷ್ಣುವರ್ಧನ್ ಕೂಡ ಈಗ ಇಲ್ಲ. ಕುಣಿತದ ದೃಶ್ಯಕ್ಕೆ ಯಾರೂ ಮಾತಾಡಲಿಲ್ಲ. ಭಜಿ ತಟ್ಟೆಯಲ್ಲೇ ತಣ್ಣಗಾಯಿತು.

ನಾಲ್ಕನೇ ವಾರ ಝುಣಕ, ಬಿಸಿ ರೊಟ್ಟಿ. ಸಿನಿಮಾ 1979ರ ‘ನಾ ನಿನ್ನ ಬಿಡಲಾರೆ’. ಈ ವಾರ ಅವ್ವನೂ ಸೇರಿಕೊಂಡಳು. ಝುಣಕಕ್ಕೆ ಹದಿನೈದು ನಿಮಿಷ ಸಾಕು. ಒಗ್ಗರಣೆಗೆ ನೀರು, ಉಪ್ಪು, ಖಾರ ಹಾಕಿ ಕುದಿ ಬಂದ ಮೇಲೆ ಕಡಲೆ ಹಿಟ್ಟು ಬಿಟ್ಟು ಗಂಟಾಗದಂತೆ ತಿರುವುತ್ತಿರಬೇಕು. ಗಟ್ಟಿಯಾದ ಮೇಲೆ ತಟ್ಟೆಗೆ ಹರಡಿ, ಕೊಬ್ಬರಿ ಕೊತ್ತಂಬರಿ ಉದುರಿಸಿ ವಡಿ ಕೊಯ್ದರೆ ತಣ್ಣಗಾದ ಮೇಲೂ ರುಚಿ. ಆದರೆ ರೊಟ್ಟಿ ಬಿಸಿ ಇರಬೇಕು ಅಂತ ಅವ್ವ ಹಂಚಿನ ಮುಂದೆ ಕೂತಳು. ಬೇಡ ಅಂದರೆ ಕೇಳಲಿಲ್ಲ. “ನೀವು ನೋಡ್ರಿ, ನಾ ಇಲ್ಲೇ ಕೇಳಸ್ಕೋತೀನಿ” ಅಂದಳು. ಇದು ಭಜಿಯ ತಪ್ಪೇ ಇನ್ನೊಂದು ಸಲ ಆಯಿತಲ್ವಾ? ಸಿನಿಮಾ ನಿಲ್ಲಿಸಿದೆವು. ಐದು ಮಂದಿಗೆ ಆಗುವಷ್ಟು ರೊಟ್ಟಿ ಬಡಿದು, ಅರಿವೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ಅವ್ವನನ್ನು ಕರೆದುಕೊಂಡು ಬಂದು ನಡುವೆ ಕೂರಿಸಿ ಮತ್ತೆ ಮೊದಲಿನಿಂದ ಹಾಕಿದೆವು. ಅರಿವೆಯಲ್ಲಿ ಸುತ್ತಿದ ರೊಟ್ಟಿ ಒಂದು ತಾಸು ಮೆತ್ತಗೇ ಇರುತ್ತದೆ. ಹಂಚಿನಿಂದ ಈಗ ತಾನೇ ತೆಗೆದ ರೊಟ್ಟಿಯ ಸುಖ ಇಲ್ಲ ನಿಜ. ಅಷ್ಟು ಕಳೆದುಕೊಂಡರೆ ನಡೆಯುತ್ತದೆ.

ಆಗ ಅವ್ವ ಹೇಳಿದಳು, ಈ ಸಿನಿಮಾವನ್ನು ಅವಳು ಸಣ್ಣಾಕೆ ಇದ್ದಾಗ ಸಿಂದಗಿ ಕಡೆ ಟೂರಿಂಗ್ ಟಾಕೀಸಿನಲ್ಲಿ ನೋಡಿದ್ದಳಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಭೂತದ ಸಿನಿಮಾ ನೋಡಬೇಡ ಅಂತ ನನ್ನ ಸಿಡಿ ಕಸಿದುಕೊಂಡು ಇಟ್ಟಿದ್ದ ಅವ್ವ ಅವಳು. ಅನಂತ್‌ನಾಗ್ ಮೈಮೇಲೆ ದೆವ್ವ ಬರುವಾಗ ಮುಖ ಬದಲಾಗುತ್ತದಲ್ಲ, ಅಲ್ಲಿ ಸೆರಗು ಮುಖದ ಮೇಲೆ ಎಳೆದುಕೊಂಡಳು. “ಆಕಿ ಬಂದ್ಲು ನೋಡ, ಬಂದ್ಲು” ಅಂತ ಪಿಸುಗುಟ್ಟಿದಳು. ಸತ್ಯ ಹೇಳುತ್ತೇನೆ, ಅವತ್ತು ನಮ್ಮನ್ನು ಹೆದರಿಸಿದ್ದು ಸಿನಿಮಾಕ್ಕಿಂತ ಜಾಸ್ತಿ ಅವಳ ಆ ಪಿಸುಮಾತು. ಮೇಕಪ್ಪಿಲ್ಲ, ಯಂತ್ರವಿಲ್ಲ, ಬರೀ ಕಣ್ಣು ಮತ್ತು ದನಿಯಿಂದ ಅನಂತ್‌ನಾಗ್ ಮಾಡಿದ್ದು ಈಗಲೂ ನಿಲ್ಲುತ್ತದೆ. ರಾಜನ್-ನಾಗೇಂದ್ರ ಅವರ ಹಾಡು ಬಂದಾಗ ಎಲ್ಲರೂ ಊಟ ಮಾಡಿದೆವು, ದೆವ್ವ ಬಂದಾಗ ಕೈ ನಿಲ್ಲಿಸಿದೆವು. ಹಾಡಿರುವ ಹಳೆಯ ಸಿನಿಮಾದ ದೊಡ್ಡ ಅನುಕೂಲ ಇದು. ಊಟಕ್ಕೆ ಅದೇ ಬಿಡುವು ಕೊಡುತ್ತದೆ. ಕೊನೆಗೆ ರಾಯರ ಸನ್ನಿಧಿಯ ಭಾಗ ಬಂದಾಗ ಅವ್ವ ಕೈ ಮುಗಿದಳು.

ಐದನೇ ವಾರ ಮತ್ತೆ ‘ಭೂತ್’. ಈ ಸಲ ನುಚ್ಚು. ನನಗೆ ಇದರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ, ಗೆಳೆಯರಿಗಂತೂ ಇರಲೇ ಇಲ್ಲ. ಭೂತದ ಸಿನಿಮಾಕ್ಕೆ ನುಚ್ಚಾ ಅಂದರು. ಗಿರಣಿಯಲ್ಲಿ ಒಡೆಸಿದ ಬಿಳಿಜೋಳ ಒಂದು ಪಾವು ತೊಳೆದು, ನಾಲ್ಕು ಪಾಲು ನೀರಿಗೆ ಉಪ್ಪು ಹಾಕಿ ಕುದಿಗೆ ಬಿಟ್ಟೆ. ಸಣ್ಣ ಉರಿಯಲ್ಲಿ ಆಗಾಗ ಕೈಯಾಡಿಸುತ್ತ ಮುಕ್ಕಾಲು ತಾಸು. ಜೊತೆಗೆ ಪುಂಡಿ ಪಲ್ಯ, ಸ್ವಲ್ಪ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ ಬಳ್ಳೊಳ್ಳಿ ಒಗ್ಗರಣೆ ಕೊಟ್ಟದ್ದು. ಮೇಲೆ ಕೆನೆ ಮೊಸರು. ಒಬ್ಬೊಬ್ಬರಿಗೆ ಒಂದೊಂದು ಬೋಗುಣಿ, ಒಂದು ಚಮಚ. ಬೋಗುಣಿ ಎದೆಯ ಹತ್ತಿರ ಹಿಡಿದುಕೊಂಡರೆ ತಟ್ಟೆ ನೋಡುವ ಕೆಲಸವೇ ಇಲ್ಲ, ಕಣ್ಣು ಟಿವಿ ಬಿಟ್ಟು ಇಳಿಯುವುದಿಲ್ಲ. ರೊಟ್ಟಿಯಲ್ಲಿ ಹಾಗಲ್ಲ, ಪ್ರತಿ ತುತ್ತಿಗೂ ಕೆಳಗೆ ನೋಡಬೇಕು. ಇದು ಆ ರಾತ್ರಿಯೇ ನನಗೆ ಹೊಳೆದದ್ದು.

ಅಗಿಯುವ ಸದ್ದಿಲ್ಲ. ಏಳುವವರಿಲ್ಲ. ನುಚ್ಚು ಬೇಗ ತಣಿಯುವುದೂ ಇಲ್ಲ, ಬೋಗುಣಿಯ ಬಿಸಿ ಕೈಗೆ ಹಿತವಾಗಿತ್ತು. ಊರ್ಮಿಳಾ ಮತ್ತೆ ಎದ್ದು ನಡೆದಳು. ಈ ಸಲ ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ವಾಚ್‌ಮನ್ ಸಾಯುವ ಜಾಗಕ್ಕೆ ಬಂದಾಗ ಸೊಲ್ಲಾಪುರದವನು ನನ್ನ ಮೊಣಕೈ ಹಿಡಿದ. ಬಿಡಲಿಲ್ಲ. “ಲೈಟ್ ಹಚ್ಚಲೇ ದೋಸ್ತ” ಅಂದ. ಯಾರೂ ಸ್ವಿಚ್ ತನಕ ಹೋಗಲಿಲ್ಲ. ಹದಿಮೂರನೇ ವಯಸ್ಸಿನ ಅದೇ ಹೆದರಿಕೆ, ಅದೇ ಜಾಗಕ್ಕೆ, ಹಾಗೇ ಇತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಕಳೆದುಹೋಗಿದೆ ಅಂದುಕೊಂಡಿದ್ದ ಒಂದು ಸಾಮಾನು ಮನೆಯಲ್ಲೇ ಸಿಕ್ಕಂತೆ.

ನೀವು ಹಾಡು, ಗುಡುಗು, ಗದ್ದಲ ಇರುವ ಸಿನಿಮಾ ಹಾಕುತ್ತಿದ್ದರೆ ಕಣ್ಣು ಮುಚ್ಚಿ ಕಡಕ್ ರೊಟ್ಟಿ, ಎಣಗಾಯಿ ಮಾಡಿ. ಮನೆಯ ಹಿರಿಯರೂ ಕೂರುತ್ತಾರೆ ಅಂದರೆ ಝುಣಕ, ಆದರೆ ರೊಟ್ಟಿ ಮೊದಲೇ ಬಡಿದು ಮುಗಿಸಿ. ನಿಜವಾಗಿ ಹೆದರಬೇಕು ಅನ್ನುವ ರಾತ್ರಿಗೆ ನುಚ್ಚು. ಭಜಿಯನ್ನು ಮಳೆಗಾಲಕ್ಕೆ ಬಿಡಿ.

ಮುಂದಿನ ಶನಿವಾರ 2002ರ ‘ರಾಜ್’ ನೋಡುವುದು ಅಂತ ಆಗಿದೆ. ಅದರಲ್ಲಿ ಹಾಡು ಬಹಳ, ರೊಟ್ಟಿಯೇ ಸಾಕು ಅಂತ ಇಬ್ಬರು. ಹೆದರಿಕೆ ಬರುವುದು ಕಾಡಿನ ಮೌನದಲ್ಲಿ, ನುಚ್ಚೇ ಬೇಕು ಅಂತ ಸೊಲ್ಲಾಪುರದವನು. ಇನ್ನೂ ತೀರ್ಮಾನ ಆಗಿಲ್ಲ. ಯಾವುದಕ್ಕೂ ಇರಲಿ ಅಂತ ನಿನ್ನೆ ಗಿರಣಿಗೆ ಹೋಗಿ ಎರಡು ಕಿಲೋ ಜೋಳ ಒಡೆಸಿಕೊಂಡು ಬಂದಿದ್ದೇನೆ. ಅವ್ವ ಪುಂಡಿ ಸೊಪ್ಪು ಸೋಸಿ ಇಟ್ಟಿದ್ದಾಳೆ. ಅವಳೂ ಕೂರುತ್ತಾಳಂತೆ.